ಪಾಸಿನ ಅಳತೆಯ ವಾಗ್ದಾನ

ಯಾವುದೇ ವಾಕ್ಯವನ್ನು ಸರಿಯಾದ ಜಾಗದಲ್ಲಿ ಕತ್ತರಿಸಿದರೆ ಅದರ ಮಾಧುರ್ಯ ಇಮ್ಮಡಿಯಾಗುತ್ತದೆ ಎಂಬ ಸತ್ಯವನ್ನು ನಾನು ಕಂಡುಕೊಂಡದ್ದು ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕನ್ನಡ ಸಭೆಯಲ್ಲಿ. ಹೊಸ ವರ್ಷದ ಬೆಳಗಿನ ಆರಾಧನೆ ಮುಗಿದ ಮೇಲೆ ನಮ್ಮಲ್ಲಿ ವಾಗ್ದಾನದ ಚೀಟಿ ಎತ್ತುವ ಪದ್ಧತಿಯಿದೆ. ಸತ್ಯವೇದದ ಒಂದೊಂದು ವಚನವನ್ನು ಅಚ್ಚುಹಾಕಿಸಿದ ಚೀಟಿಗಳು ಸ್ಟೀಲ್ ತಟ್ಟೆಯಲ್ಲಿ ಬೋರಲು ಬಿದ್ದಿರುತ್ತವೆ. ಕಣ್ಣುಮುಚ್ಚಿ ಒಂದನ್ನು ಎತ್ತಿದರೆ ಆ ವರ್ಷಕ್ಕೆ ದೇವರು ನಿಮಗೆ ಕೊಟ್ಟ ಮಾತು ಅದೇ. ಚೀಟಿ ವರ್ಷವಿಡೀ ಲೋಕಲ್ ಟ್ರೇನಿನ ಪಾಸಿನ ಜೊತೆಗೆ ಕಿಸೆಯಲ್ಲಿರಬೇಕಾದ್ದರಿಂದ ಅದರ ಅಳತೆಯೂ ಪಾಸಿನದೇ. ದೇವರಾದರೋ ರೈಲ್ವೆಯ ಅಳತೆಯನ್ನು ಗಮನದಲ್ಲಿಟ್ಟುಕೊಂಡು ಮಾತಾಡಿದವನಲ್ಲ. ಹಾಗಾಗಿ ವಚನಗಳನ್ನು ಮೊಟಕುಗೊಳಿಸುವ ಸೇವೆ ನಮ್ಮ ಸಭೆಯ ಹಿರಿಯರಾದ ಜೇಕಬ್ ಅಂಕಲ್ ಪಾಲಿಗೆ ಬಂದಿದೆ.

ಅಂಕಲ್ ಮೃದುಹೃದಯಿ. ವರ್ಷದ ಮೊದಲ ದಿನವೇ ಯಾರ ಮನಸ್ಸೂ ನೋಯಬಾರದೆಂದು, ಹೇಳಿದಂತೆ ಕೇಳಿದರೆ ಮಾತ್ರ ಎಂಬಂಥ ದೈವಿಕ ಷರತ್ತುಗಳನ್ನೆಲ್ಲ ತೆಗೆದುಹಾಕಿ, ಆಶೀರ್ವಾದವನ್ನಷ್ಟೇ ಉಳಿಸುತ್ತಾರೆ. ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಡಬೇಕೆಂಬ ಚೀಟಿ ಇದುವರೆಗೆ ಯಾರ ಕೈಗೂ ಬಂದಿಲ್ಲ. ಬಂದರೆ ಮೆಲ್ಲಗೆ ತಟ್ಟೆಗೆ ಮರಳಿಸಿ ಬೇರೊಂದನ್ನು ಎತ್ತುವವರ ಸಾಲಿನಲ್ಲಿ ನಾನೇ ಮೊದಲಿಗನಾಗಿರುತ್ತೇನೆ.

ಉಳಿದ ವಚನಗಳಿಗೆ ನಾವೇ ಭಾಷ್ಯಕಾರರು. ನನ್ನ ಗುಡಾರದ ಎಲ್ಲೆ ವಿಸ್ತಾರವಾಗುವುದೆಂಬ ಚೀಟಿ ಬಂದ ವರ್ಷ, ಕೆಡವಿ ಹೊಸದಾಗಿ ಕಟ್ಟುವ ರೀಡೆವಲಪ್‌ಮೆಂಟಿಗೆ ಹೋಗಲಿದ್ದ ನಮ್ಮ ಬಿಲ್ಡಿಂಗಿನಲ್ಲಿ ಇನ್ನೊಂದು ಬೆಡ್‌ರೂಮು ದೈವಸಂಕಲ್ಪವೆಂದೇ ನಂಬಿದ್ದೆ. ಘಣಸೋಲಿಯಲ್ಲಿರುವ ನನ್ನ ತಮ್ಮ, ತಾನು ಬಾಲವಾಗದೆ ತಲೆಯಾಗುವೆನೆಂಬ ವಚನವನ್ನು ಟೀಮ್ ಲೀಡರ್ ಹುದ್ದೆಯ ಪೂರ್ವಸೂಚನೆಯೆಂದು ಓದಿಕೊಂಡ. ಮಗನಿಗಾಗಿ ಮುಪ್ಪಿನವರೆಗೆ ಕಾದ ಅಬ್ರಹಾಮನ ತಾಳ್ಮೆಗೆ ಪಾದ್ರಿಗಳ ಪ್ರಸಂಗದಲ್ಲಿ ತಲೆದೂಗುವ ನಾವು, ಪ್ರಮೋಷನ್ ಒಂದಿಷ್ಟು ತಡವಾದರೆ ಉಪವಾಸ ಕೂತು ದೇವರಿಗೆ ಜ್ಞಾಪಿಸುತ್ತೇವೆ. ಮಾತು ಬಿಲ್ಡರೂ ಕೊಡುತ್ತಾನೆ. ಆದರೆ ಅವನು ಷರತ್ತುಗಳನ್ನು ಸಣ್ಣ ಅಕ್ಷರದಲ್ಲಾದರೂ ಮುದ್ರಿಸುತ್ತಾನೆ.

ನಮ್ಮ ಮನೆಯಲ್ಲಿ ಇನ್ನೊಂದು ಪದ್ಧತಿಯೂ ಇದೆ: ದೀಪ ಹಚ್ಚುವ ಹೊತ್ತಿಗೆ ಸತ್ಯವೇದದ ಒಂದು ಅಧ್ಯಾಯ ಓದುವುದು. ಉಡುಪಿಯಲ್ಲಿ ತಮ್ಮ ಅಜ್ಜಿ ಓದುತ್ತಿದ್ದುದನ್ನು ಅಮ್ಮ ಮದುವೆಯಾಗಿ ಬರುವಾಗ ಡೊಂಬಿವಲಿಗೂ ತಂದರು. ಈಗ ಅವರ ಕಣ್ಣು ಮಂಜಾಗಿ, ಓದುವ ಹೊಣೆ ನನ್ನ ಮೇಲೆ ಬಿದ್ದಿದೆ. ಥಾಣೆಯ ಆಫೀಸಿನಿಂದ ಲೋಕಲಿನಲ್ಲಿ ಹಿಂಡಿಸಿಕೊಂಡು ಬಂದವನಿಗೆ ದೇವರ ವಾಕ್ಯಕ್ಕಿಂತ ಅಧ್ಯಾಯದ ಉದ್ದ ಮೊದಲು ಕಾಣುವುದರಿಂದ, ಸತ್ಯವೇದದ ಅತಿ ಗಿಡ್ಡ ಕೀರ್ತನೆಗಳನ್ನು ಹುಡುಕುವುದರಲ್ಲಿ ನಾನು ಪರಿಣತನಾಗಿದ್ದೇನೆ. ಅಮ್ಮ ಅದನ್ನು ಸಹಿಸಿದರು. ಅವರಿಗೆ ಸಹಿಸಲಾಗದಿದ್ದುದು ಬೇರೆ ಚಿಂತೆ. ಕಾಲೇಜಿಗೆ ಹೋಗುವ ನನ್ನ ಮಗಳು ಶರೋನ್‌ಗೆ ಕನ್ನಡ ಅರ್ಥವಾಗುತ್ತದೆ, ಒಂದಕ್ಷರ ಓದಲು ಬರುವುದಿಲ್ಲ. "ನಿನ್ನ ನಂತರ ಈ ಮನೆಯಲ್ಲಿ ಇದನ್ನು ಓದುವುದು ಯಾರು ಮಾರಾಯಾ?" ಎಂದು ಅಮ್ಮ ಕೇಳಿದಾಗಲೆಲ್ಲ, ದೇವರು ಯಾರನ್ನಾದರೂ ಎಬ್ಬಿಸುತ್ತಾನೆ ಎಂದು ಭಕ್ತಿಯಿಂದ ಉತ್ತರಿಸಿ ಟಿ.ವಿ. ಹಾಕುತ್ತಿದ್ದೆ.

ಈ ವರ್ಷ ಅಮ್ಮ ಎತ್ತಿದ ಚೀಟಿಯಲ್ಲಿ, ನೀವೂ ನಿಮ್ಮ ಮಕ್ಕಳೂ ಆ ದೇಶದಲ್ಲಿ ಬಹುಕಾಲ ಬಾಳುವಿರಿ ಎಂಬರ್ಥದ ಮಾತಿತ್ತು. ಮನೆಗೆ ಬಂದು ನಾನೇ ಓದಿ ಹೇಳಿ, ದೇಶವೆಂದರೆ ಹೊಸ ಫ್ಲ್ಯಾಟೇ ಇರಬೇಕೆಂದು ಟಿಪ್ಪಣಿಯನ್ನೂ ಸೇರಿಸಿದೆ. ಶರೋನ್ ಮೊಬೈಲಿನಲ್ಲಿ ಆ ಅಧ್ಯಾಯವನ್ನು ಇಂಗ್ಲಿಷಿನಲ್ಲಿ ತೆರೆದು ನೋಡುತ್ತಿದ್ದವಳು, "ಅಜ್ಜೀ, ಯೇ ತೋ ಆಧಾ ಹೀ ಹೈ" ಎಂದಳು. ಅರ್ಧವೇ ಇದೆಯಂತೆ. ಉಳಿದರ್ಧವನ್ನು ಹಿಂದಿಯಲ್ಲಿ ವಿವರಿಸಿದಳು: ಈ ಮಾತುಗಳನ್ನು ಮಕ್ಕಳಿಗೆ ಕಲಿಸಬೇಕು, ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಅದನ್ನೇ ಹೇಳಿಕೊಡಬೇಕು, ಹಾಗೆ ಮಾಡಿದರೆ ಆ ದೀರ್ಘಾಯುಸ್ಸು. ಆಮೇಲೆ ಯಾವ ಸಿಟ್ಟೂ ಇಲ್ಲದೆ ನನ್ನನ್ನು ಕೇಳಿದಳು, "ಪಪ್ಪಾ, ಮುಝೆ ಕಿಸ್ನೇ ಸಿಖಾಯಾ?"

ತನಗೆ ಯಾರು ಕಲಿಸಿದರು ಎಂಬ ಅವಳ ಪ್ರಶ್ನೆಗೆ ನನ್ನಲ್ಲಿ ಸಮರ್ಥನೆಗಳು ಬೇಕಾದಷ್ಟಿದ್ದವು. ಮೋಶೆಯ ಜನರು ಮರುಭೂಮಿಯಲ್ಲಿ ಆರಾಮಾಗಿ ನಡೆಯುತ್ತ ಕಲಿಸಿದರು, ಲೋಕಲಿನಲ್ಲಿ ನಿಲ್ಲುವುದಕ್ಕೇ ಜಾಗವಿಲ್ಲ ಎಂದು ಆರಂಭಿಸಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ, ನನಗೆ ನಾಚಿಕೆಯಾಯಿತು. ಅಮ್ಮ ಸೋಫಾದಲ್ಲಿ ಸರಿದು ಜಾಗ ಮಾಡಿ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಬರೆದ ಅಕ್ಷರ ಅವರಿಗೆ ಕಾಣುವುದಿಲ್ಲವಲ್ಲ, ಅವಳ ಅಂಗೈಯನ್ನೇ ಹಿಡಿದು ಅದರ ಮೇಲೆ ಬೆರಳಿನಿಂದ ಅಕಾರ ತಿದ್ದಿದರು. ಅವಳಿಗೆ ಕಚಗುಳಿಯಾಗಿ ನಕ್ಕಳು, ಕೈ ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ.

ಅಂಗೈ ಪಾಠ ಈಸ್ಟರ್ ದಾಟಿ ನಡೆಯಿತು. ಮೊನ್ನೆ ಸಂಜೆ ಶರೋನ್ ಮೊದಲ ಬಾರಿಗೆ ಸತ್ಯವೇದವನ್ನು ತೊಡೆಯ ಮೇಲಿಟ್ಟುಕೊಂಡು ದೇವರು ದಿನಕ್ಕಿಷ್ಟರಂತೆ ಲೋಕವನ್ನು ಸೃಷ್ಟಿಸುವ ಮೊದಲ ಪುಟದಿಂದಲೇ ಓದಲು ಕೂತಳು. ಒತ್ತಕ್ಷರ ಬಂದಲ್ಲೆಲ್ಲ ಎಡವಿ, ಅಜ್ಜಿ ನೆನಪಿನಿಂದ ಹೇಳಿಕೊಟ್ಟ ಮೇಲೆ ಎದ್ದು ಓದಿದಳು; ಕುಕ್ಕರ್ ಕೂಗಿ ಆರುವ ಹೊತ್ತಾದರೂ ದೇವರು ಕತ್ತಲೆಯಿಂದ ಬೆಳಕನ್ನು ಬೇರ್ಪಡಿಸಿ ಮುಗಿಸಿರಲಿಲ್ಲ. ಗಿಡ್ಡ ಕೀರ್ತನೆಗಳ ಪರಿಣತನಾದ ನಾನು ಅವಳ ಕಿವಿಯಲ್ಲೊಂದು ಹಿತವಚನ ಹೇಳಬೇಕೆಂದಿದ್ದೆ; ಅಮ್ಮನ ಮುಖ ನೋಡಿ ಆ ಯೋಚನೆ ಬಿಟ್ಟೆ.

ಓದಾದ ಮೇಲೆ ಪ್ರಾರ್ಥನೆ ಅಮ್ಮನದು. ಕಣ್ಣು ಮಂಜಾದಂದಿನಿಂದ ಅವರ ಪ್ರಾರ್ಥನೆ ಮುಗಿಯುತ್ತಿದ್ದುದು ಒಂದೇ ಬೇಡಿಕೆಯಿಂದ, ಇಲ್ಲಿ ಇದ್ದದ್ದು ಸಾಕು, ಬೇಗ ಕರೆದುಕೋ ಎಂದು. ಅಂದು ಆ ಜಾಗಕ್ಕೆ ಬಂದಾಗ ಮೊಮ್ಮಗಳ ಕೈಯನ್ನು ತಡವಿ ಹಿಡಿದರು.

"ಕರ್ತನೇ, ಅವಸರ ಮಾಡಬೇಡ," ಎಂದರು. "ಈ ಹುಡುಗಿ ಇನ್ನೂ ಮೊದಲನೇ ದಿನದಲ್ಲೇ ಇದ್ದಾಳೆ."