ನೇಗಿಲು ತಿರುಗಿದ ಜಾಗ

ಬೆಂಗಳೂರಿನ ಹೊರಗಿನ ಅಟ್ಟೂರಿನಲ್ಲಿ ಬಸ್ಸಿಳಿದು ತಲೆಯೆತ್ತಿದರೆ ಗುಮ್ಮಟವೇ ಇರಲಿಲ್ಲ. ನಗಬೇಡಿ, ಬಿಜಾಪುರದವರೇ. ಯಾವ ಓಣಿಯಲ್ಲಿ ದಾರಿ ತಪ್ಪಿದರೂ ಮೇಲೆ ನೋಡಿ, ಗೋಳಗುಮ್ಮಟ ಎತ್ತ ಇದೆ ಎಂದು ಕಂಡುಕೊಂಡು ಮನೆ ಸೇರುವವರು ನಾವು. ನಮಗೆ ದಿಕ್ಕು ತೋರಿಸುವವರು ಸತ್ತವರು. ಇಲ್ಲಿ ರಾಗಿಹೊಲ, ಅದರಾಚೆ ಬರೀ ಆಕಾಶ. ಟ್ರಂಕು ಹೊತ್ತು ಒಂದೇ ಬಾವಿಯನ್ನು ಎರಡು ಸಲ ಸುತ್ತಿದೆ. ಮೂರಿರಬಹುದು. ಕತೆಗೆ ಎಷ್ಟು ಬೇಕೋ ಅಷ್ಟನ್ನು ನೆನಪು ಕೊಡುತ್ತದೆ, ನಾನದನ್ನು ನಂಬುವುದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ನಾನು ವಾಸ್ತುಶಿಲ್ಪದ ವಿದ್ಯಾರ್ಥಿ. ಮದುವೆಯಾಗದ ಗಂಡಸಿಗೆ ಆರ್.ಟಿ. ನಗರದಲ್ಲಿ ಯಾರೂ ಕೋಣೆ ಕೊಡಲಿಲ್ಲ. ಕೊಟ್ಟವರು ಅಟ್ಟೂರಿನ ನಂಜಮ್ಮ. ಗಂಡನನ್ನು ಕಳೆದುಕೊಂಡು ಒಬ್ಬರೇ ಹೊಲ ಮಾಡಿಸುತ್ತಿದ್ದವರು. ಮೊದಲ ರಾತ್ರಿ ಮುದ್ದೆ ಇಟ್ಟರು. ಮುದ್ದೆಯೆಂದರೆ ಕುದಿಸಿ ಉಂಡೆ ಕಟ್ಟಿದ ರಾಗಿಹಿಟ್ಟು. ರೊಟ್ಟಿ ತಿಂದ ಹಲ್ಲು, ಅಗಿಯತೊಡಗಿದೆ.

“ಅಗೀಬ್ಯಾಡ ಕಣಪ್ಪ, ನುಂಗು. ಅದು ಇಂಗೇ ಇಳೀತದೆ.”

“ಹೌದ್ರಿ.”

“ಎಲ್ಲಕ್ಕೂ ಹೌದ್ರಿ ಅಂತೀಯಲ್ಲ, ಬಿಜಾಪುರದಾಗೆ ಇಲ್ಲ ಅನ್ನೋ ಮಾತೇ ಇಲ್ವಾ?”

ಮುದ್ದೆ ಸಲೀಸಾಗಿ ಇಳಿಯುವ ಹೊತ್ತಿಗೆ ಮಳೆಗಾಲ ಕಳೆದಿತ್ತು. ಅದು ನನ್ನ ಮೊದಲ ಗೆಲುವು.

ಕಾಲೇಜು ನನಗೆ ಕೊಟ್ಟ ಕೆಲಸ, ನಗರ ನುಂಗಲಿರುವ ಹಳ್ಳಿಯ ಆಕಾರವನ್ನು ಅಳೆಯುವುದು: ದಾರಿ, ಮನೆ, ಸ್ಮಾರಕ. ಒಂದೊಂದು ತುಂಡು ನೆಲಕ್ಕೂ ಒಂದೊಂದು ರಟ್ಟಿನ ಕಾರ್ಡು. ಅದು ಮನೆಯೋ ಹೊಲವೋ ಗುಡಿಯೋ ಎಂಬುದಕ್ಕೆ ತಕ್ಕಂತೆ ಕಾರ್ಡಿನಲ್ಲಿ ತೂತು. ಕಟ್ಟನ್ನು ಯಶವಂತಪುರದ ಕಡೆಯ ಸಂಸ್ಥೆಯೊಂದಕ್ಕೆ ಒಯ್ದರೆ ಅಲ್ಲಿನ ಕಂಪ್ಯೂಟರು ಇಡೀ ಹಳ್ಳಿಯನ್ನು ಅಗಲವಾದ ಕಾಗದದ ಮೇಲೆ ಅಚ್ಚು ಹಾಕಿಕೊಡುತ್ತಿತ್ತು. ಮನೆಯಿದ್ದಲ್ಲಿ ನಕ್ಷತ್ರದ ಗುರುತು. ಖಾಲಿ ಜಾಗವೆಂದರೆ ಕಾಗದದ ಬಿಳುಪು. ಅಟ್ಟೂರಿನ ಸ್ಮಾರಕಗಳ ಸಾಲಿನಲ್ಲಿ ನಾನು ಸೊನ್ನೆ ಹಾಕಿದ್ದೆ. ಬಿಜಾಪುರದ ಕಣ್ಣು, ಎತ್ತರಕ್ಕೆ ಎದ್ದದ್ದು ಮಾತ್ರ ಅದಕ್ಕೆ ಗೋರಿ.

ಮೊದಲ ಅಚ್ಚನ್ನು ನಂಜಮ್ಮನವರ ಜಗಲಿಯ ಮೇಲೆ ಹಾಸಿದೆ. ಅವರ ಮನೆಯ ಗುರುತು ತೋರಿಸಿದೆ.

“ಇದರ ಹಿಂದ್ಗಡೆ ಬೆಳ್ಳಗೈತಲ್ಲ, ಅದೇನು?”

“ಖಾಲಿ ಜಾಗಾರಿ. ಹೊಲದ ಮೂಲ್ಯಾಗ, ತುಂಬೆ ಗಿಡ ಬೆಳದಾವಲ್ಲ.”

“ಖಾಲಿಯಾ? ನಮ್ಮತ್ತೆ ಅಲ್ಲೇ ಅವ್ರೆ. ನಮ್ಮೆಜಮಾನ್ರು ಅವರ ಮಗ್ಗುಲಾಗೆ.” ಅವರು ಕಾಗದದಿಂದ ಕೈ ತೆಗೆದರು. “ಬಿಳೀ ಬಿಟ್ಟಿದ್ದೆಲ್ಲ ಸೈಟ್ ಮಾಡ್ತಾರಂತೆ, ನಿಜವಾ?”

ನಿಜವಿತ್ತು. ನಮ್ಮ ನಕ್ಷೆ ಬಡಾವಣೆಯ ಯೋಜನೆ ಬರೆಯುವವರ ಕೈಗೆ ಹೋಗುವುದಿತ್ತು.

ಅಟ್ಟೂರಿನ ಕಡೆ ಸಮಾಧಿಗೆ ಗುಡ್ಡೆ ಎನ್ನುತ್ತಾರೆ. ಸ್ವಂತ ಹೊಲದಲ್ಲೇ ಹೂತು, ಮಣ್ಣು ಏರಿಸಿ, ಹಾಲು ತುಪ್ಪ ಬಿಡುತ್ತಾರೆ. ಆಮೇಲೆ ಕಲ್ಲಿಲ್ಲ, ಹೆಸರಿಲ್ಲ. ಏರಿಸಿದ ಮಣ್ಣನ್ನು ಮಳೆ ಇಳಿಸಿಬಿಡುತ್ತದೆ. ಮರುದಿನ ನೋಡಿದೆ. ಉಳುಮೆಯ ಸಾಲುಗಳು ನೇರವಾಗಿ ಬಂದು ಆ ಮೂಲೆಯ ಹತ್ತಿರ ಬಾಗಿ, ಸುತ್ತು ಹಾಕಿ, ಮತ್ತೆ ನೇರವಾಗಿದ್ದವು. ಎಷ್ಟೋ ದಿನ ಅದರ ಪಕ್ಕದಲ್ಲೇ ಟೇಪು ಹಿಡಿದು ಓಡಾಡಿದ್ದೆ.

ಆ ಮೂಲೆಯನ್ನು ಸ್ಮಾರಕವೆಂದು ಸೇರಿಸಲು ಕಾಲೇಜಿನಲ್ಲಿ ನಮ್ಮ ಮೇಷ್ಟ್ರನ್ನು ಕೇಳಿದೆ. ಬೆಂಗಳೂರಿನವರು, ಖಡಕ್ ಮನುಷ್ಯ.

“ಕಟ್ಟಡ ಇದೆಯೇನ್ರೀ?”

“ಇಲ್ರಿ ಸರ್.”

“ಕಲ್ಲು? ಬರಹ?”

“ಇಲ್ರಿ.”

“ಮತ್ತೆ ಸ್ಮಾರಕ ಅಂತ ಹೇಗ್ರೀ ಒಪ್ಕೊಳ್ಲಿ?”

“ನೇಗಿಲಾ ತಿರುಗಿ ಹೋಗೇತ್ರಿ, ಸರ್.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅಥವಾ ಅದು ಬೇರೆ ದಿನವೋ. ಬಸ್ಸು ಹತ್ತಿ ಅಟ್ಟೂರಿಗೆ ಬಂದದ್ದು ಮಾತ್ರ ಖಂಡಿತ. ಬಾಗಿದ ಸಾಲಿನ ಗುಂಟ ನಡೆದು, ಒಳಗೆ ಕಾಲಿಡದೆ ಹಿಂದಿರುಗಿದರು.

“ಕಟ್ಟಡ ಇಲ್ದೆ ಸ್ಮಾರಕ ಅನ್ನೋಕಾಗಲ್ಲ. ಹೊಸ ವರ್ಗ ಸೇರಿಸೋಕೆ ಪ್ರೋಗ್ರಾಂ ಪೂರ್ತಿ ಬದಲಾಯಿಸ್ಬೇಕು, ಆಗಲ್ಲ. ಇರೋದ್ರಲ್ಲೇ ಒಂದು ಆರಿಸ್ಕೊಳ್ಳಿ. ಖಾಲಿ ಅನ್ನೋದೊಂದು ಬಿಟ್ಟು.”

ಹೊಲ ಎನ್ನುವಂತಿರಲಿಲ್ಲ, ಅಲ್ಲಿ ಉಳುವುದಿಲ್ಲ. ಗುಡಿಯಂತೂ ಅಲ್ಲ. ಮನೆ ಎಂದು ತೂತು ಹಾಕಿದೆ. ಮನೆಯ ಕಾರ್ಡಿನಲ್ಲಿ ಎಷ್ಟು ಜನ ವಾಸ ಎಂದು ತುಂಬಲೇಬೇಕು, ಇಲ್ಲದಿದ್ದರೆ ಯಂತ್ರ ಕಾರ್ಡನ್ನು ಹೊರಗೆ ತಳ್ಳುತ್ತದೆ. ನಂಜಮ್ಮನವರನ್ನೇ ಕೇಳಿದೆ.

“ಇಬ್ರು,” ಎಂದರು. ಸ್ವಲ್ಪ ಯೋಚಿಸಿ, “ನಂಗೂ ಒಂದು ಜಾಗ ಐತೆ. ಅದ್ನ ಈಗ್ಲೇ ಬರೀಬ್ಯಾಡ.”

ಎರಡನೆಯ ಅಚ್ಚಿನಲ್ಲಿ ಆ ಮೂಲೆಯಲ್ಲಿ ನಕ್ಷತ್ರದ ಗುರುತು ಬಿದ್ದಿತ್ತು. ಅದನ್ನು ಬೆರಳಿನಿಂದ ಒತ್ತಿ ನೋಡಿದ ನಂಜಮ್ಮ ಪಕ್ಕದ ಗುರುತಿಗೆ ಬಂದರು.

“ಈ ಮನೇಲಿ ಎಷ್ಟು ಜನ ಅಂತ ಹಾಕ್ದೆ?”

“ಒಬ್ರು ಅಂತ್ರಿ. ನೀವು.”

“ಮತ್ತೆ ದಿನಾ ಮುದ್ದೆ ನುಂಗೋನು ಯಾರು, ದೆವ್ವಾನಾ?”

ಬಡಾವಣೆ ಬಂತು. ಮಾಕಳಿಯ ಕಡೆಯಿಂದ ಲಾರಿಗಳಲ್ಲಿ ಜಲ್ಲಿ ಬಂತು, ಹೊಲಗಳು ಸೈಟುಗಳಾದವು. ಆ ಮೂಲೆಯನ್ನು ಬಿಟ್ಟು ರಸ್ತೆ ಬಾಗಿ ಹೋಯಿತು. ನನ್ನ ಕಾರ್ಡಿನಿಂದ ಹಾಗಾಯಿತೆಂದು ಹೇಳಲಾರೆ. ಊರವರೂ ಕಚೇರಿಗೆ ಅಲೆದಿದ್ದರು; ರಸ್ತೆ ಗುರುತು ಹಾಕಿದ ಆಳಿನ ಅಜ್ಜಿಯೂ ಇಂಥದೇ ಒಂದು ಮೂಲೆಯಲ್ಲಿದ್ದಿರಬಹುದು. ಯಾರಿಂದಲಾದರೂ ಆಗಲಿ. ಆ ತಿರುವಿನಲ್ಲಿ ಸೈಕಲ್ಲಿನ ಹ್ಯಾಂಡಲ್ ತಾನಾಗಿ ಹೊರಳಿದಾಗಲೆಲ್ಲ ಎದೆ ಹಗುರಾಗುತ್ತದೆ.

ಈಗ ಊರಿಗೆ ಬಂದರೆ ಗುಮ್ಮಟ ನೋಡುವುದು ಕಡಿಮೆ. ಜೋಳದ ಹೊಲಗಳಲ್ಲಿ ಸಾಲು ಎಲ್ಲಿ ಬಾಗಿದೆ ಎಂದು ಹುಡುಕುತ್ತೇನೆ. ನಮ್ಮಲ್ಲೂ ಬಾಗಿವೆ, ನೋಡಿ. ತಿರುಗಿ ಬೆಂಗಳೂರಿಗೆ ಹೋಗಿ ಗೊರಗುಂಟೆಪಾಳ್ಯದಲ್ಲಿ ಇಳಿದಾಗ ತಲೆ ಮಾತ್ರ ತಾನಾಗಿಯೇ ಮೇಲೆ ಹೋಗಿ ಆಕಾಶದಲ್ಲಿ ಗುಮ್ಮಟ ಹುಡುಕುತ್ತದೆ. ಬಿಜಾಪುರದ ರೇಷನ್ ಕಾರ್ಡಿನಿಂದ ಅವ್ವ ನನ್ನ ಹೆಸರು ತೆಗೆಸಿಲ್ಲ. ಅಟ್ಟೂರಿನ ಆ ಮನೆಗೆ, ನಂಜಮ್ಮ ಬೈದ ಮರುದಿನವೇ, ಹೊಸ ಕಾರ್ಡು ತೆಗೆದು ವಾಸದ ಲೆಕ್ಕದಲ್ಲಿ ಒಂದರ ತೂತಿನ ಬದಲು ಎರಡರ ತೂತು ಹಾಕಿದ್ದೆ.