ಆದವಾನಿ ಬಸ್ಸಿನಲ್ಲಿ ಸಕ್ಕರೆ ಇಳಿದ ದಿನ

ಕೌತಾಳಂನಿಂದ ಆದವಾನಿಗೆ ಬೆಳಗಿನ ಬಸ್ಸು ಹಿಡಿದೆವು. ತಮ್ಮನ ಮಗಳ ಮದುವೆಗೆ ಸೀರೆ ಕೊಳ್ಳಬೇಕಿತ್ತು. ಹೆಂಗಸರಿಗೆ ಟಿಕೀಟು ಪುಕ್ಕಟೆಯಾದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನನ್ನ ಗಂಡ ಹೇಗೋ ಎರಡು ಸೀಟು ಹಿಡಿದರು. ಅವಸರದಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ್ದರೇ ಹೊರತು ಏನೂ ತಿಂದಿರಲಿಲ್ಲ. ರೊಟ್ಟಿ, ಪುಂಡಿಪಲ್ಯ ನನ್ನ ಚೀಲದಲ್ಲಿದ್ದವು.

ಮುಂದಿನ ಊರಲ್ಲಿ ಗಿರಿಜಾ ಹತ್ತಿದಳು. ಇವರ ಸೋದರತ್ತೆಯ ಮಗಳು. ಇವರಿಗೆ ಮೊದಲು ಮದುವೆ ಗೊತ್ತಾಗಿದ್ದು ಆಕೆಯ ಜೊತೆಗೇ. ಅದು ಮುರಿದ ಮೇಲೆ ನಾನು ಬಂದೆ. ಮೊಮ್ಮಕ್ಕಳಾದರೂ ಆಕೆಯ ಜಡೆ ಇನ್ನೂ ದಪ್ಪಗಿದೆ. ಆಕೆ ಹತ್ತಿದ ಸ್ವಲ್ಪ ಹೊತ್ತಿಗೆ ಇವರ ಹಣೆ ಬೆವರಿತು, ಕೈ ನಡುಗಿತು. ನನಗೆ ಹೊಟ್ಟೆ ಉರಿಯಿತು.

"ಯಾಕ್ರೀ, ಆಕೀನ್ನ ನೋಡಿ ಇಷ್ಟು ಬೆವರಾಕತ್ತೀರಿ?"

"ಸುಮ್ನ ಕುಂದ್ರು," ಎಂದು ಗದರಿದರು. ಎಂದೂ ಗದರುವವರಲ್ಲ. ನಾನು ಕಿಟಕಿಯ ಹೊರಗಿನ ಹತ್ತಿ ಹೊಲಗಳತ್ತ ಮುಖ ತಿರುಗಿಸಿದೆ.

ಜನರ ನಡುವೆ ತೂರಿಕೊಂಡು ಗಿರಿಜಾ ಹತ್ತಿರ ಬಂದಳು. "ಅಕ್ಕಾ, ಮಾವಗ ಸಕ್ರಿ ಇಳದಂಗ ಐತಿ. ಏನರ ತಿಂದಾನೇನು?"

"ಬರೇ ಮಾತ್ರಿ ತೊಗೊಂಡಾರ."

ಆಕೆಯ ತಾಯಿಗೂ ಅದೇ ಕಾಯಿಲೆಯಂತೆ. ಅದಕ್ಕೇ ಆಕೆಯ ಚೀಲದಲ್ಲಿ ಗ್ಲೂಕೋಸ್ ಪುಡಿ ಇತ್ತು. ನನ್ನ ಬಾಟಲಿಯ ನೀರಿಗೆ ಕಲಸಿದಳು. "ಎಚ್ಚರ ಐತಿ, ನುಂಗ್ತಾನ. ಎಚ್ಚರ ತಪ್ಪಿದ್ರ ಬಾಯಾಗ ಏನೂ ಹಾಕಬಾರದಕ್ಕಾ."

ನಾನು ಬಾಟಲಿ ಹಿಡಿದರೆ ಇವರು ನನ್ನ ಕೈ ತಳ್ಳಿದರು. ಆಕೆ ಬಾಗಿದಳು. "ಮಾವಾ, ಇಲ್ಲಿ ನೋಡು. ನಾನು ಯಾರು?"

"ಗಿರಿಜಾ," ಎಂದರು, ತೊದಲುತ್ತ.

"ಹಂಗಾದ್ರ ಕುಡಿ."

ಕುಡಿದರು. ನಾನು ಯಾರೆಂದು ಅವರನ್ನು ಯಾರೂ ಕೇಳಲಿಲ್ಲ.

ಆದವಾನಿಯಲ್ಲಿ ಇಳಿದು ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ಬೆರಳು ಚುಚ್ಚಿ ನೋಡಿದರು. ಸಕ್ಕರೆ ಇನ್ನೂ ಕಡಿಮೆಯೇ. ಕೈಯ ನರಕ್ಕೆ ಗ್ಲೂಕೋಸ್ ಏರಿಸಿದರು. ಅದು ಶುರುವಾದ ಮೇಲೆ ಗಿರಿಜಾ ಮಗಳ ಮನೆಗೆ ಹೋದಳು. ಇವರಿಗೆ ಮೈಮೇಲೆ ಪೂರ್ತಿ ಅರಿವು ಬಂದದ್ದು ಆಮೇಲೆ.

"ಈ ಮಾತ್ರಿ ಜೋರು ಭಾಳ ಹೊತ್ತು ಇರ್ತದಮ್ಮಾ. ಸಕ್ರಿ ಮತ್ತ ಇಳೀಬಹುದು, ಇವತ್ತು ಇಲ್ಲೇ ಇರ್ರಿ," ಎಂದರು ಡಾಕ್ಟರಮ್ಮ. ಮೂತ್ರಪಿಂಡದ ಪರೀಕ್ಷೆಗೆ ರಕ್ತ ತೆಗೆದರು. ಮೂತ್ರಪಿಂಡಗಳು ಸ್ವಲ್ಪ ಸೋತಿದ್ದರಿಂದ ಮಾತ್ರೆ ಮೈಯಲ್ಲೇ ಉಳಿಯುತ್ತಿತ್ತಂತೆ. ಹಳೆಯ ಮಾತ್ರೆ ನಿಲ್ಲಿಸಿ ಬೇರೆಯದು ಬರೆದರು. ಬೆವರು, ನಡುಕ, ಸಿಟ್ಟು, ತೊದಲು ಕಂಡರೆ ಮೊದಲು ಸಿಹಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸಿ, ಆಮೇಲೆ ಊಟ ಕೊಡಬೇಕೆಂದು ನನಗೆ ಬಿಡಿಸಿ ಹೇಳಿದರು.

ಮರುದಿನ ಸೀರೆಯಿಲ್ಲದೆ ವಾಪಸು ಬಸ್ಸು ಹತ್ತಿದೆವು. ಇಡ್ಲಿ ತಿಂದಾಗಿತ್ತು.

"ನಿನ್ನಿ ಬಸ್ಸಿನ್ಯಾಗ ನೀನ ಗ್ಲೂಕೋಸ್ ಕುಡಿಸಿದ್ಯೇನು?" ಎಂದರು.

ಹೌದೆನ್ನಲು ನಾಲಿಗೆ ತುದಿಯವರೆಗೆ ಬಂತು. "ನಾನಲ್ಲ. ಗಿರಿಜಾ."

"ಗಿರಿಜಾನಾ? ಆಕಿ ಎಲ್ಲಿದ್ಲು?"

ನಿಜಕ್ಕೂ ನೆನಪಿಲ್ಲವೋ, ನನ್ನ ಮುಖ ನೋಡಿ ಹಾಗೆಂದರೋ ತಿಳಿಯಲಿಲ್ಲ. ಕೌತಾಳಂ ಬರುವವರೆಗೂ ಅವರನ್ನೇ ನೋಡುತ್ತ ಕುಳಿತೆ. ಆಕೆಯ ಹೆಸರು ಬಂದ ಮೇಲೂ ಹಣೆ ಬೆವರಲಿಲ್ಲ, ಕೈ ನಡುಗಲಿಲ್ಲ.