ಮೂರನೇ ಸಲ ಕರೆದರೆ

ಹಾವು ಕಚ್ಚಬಹುದಿತ್ತು. ಹೆಜ್ಜೇನು ಏಳಬಹುದಿತ್ತು. ಪಾಚಿಗಟ್ಟಿದ ಕಲ್ಲಿನ ಮೇಲೆ ಮಗ ಜಾರಿ ಮುಂದಿನ ಹಲ್ಲು ಮುರಿದುಕೊಳ್ಳಬಹುದಿತ್ತು. ಮಗಳು ಯಾವುದೋ ವಿಷದ ಕಾಯಿಯನ್ನು ನೆಲ್ಲಿಕಾಯಿ ಅಂತ ಬಾಯಿಗೆ ಹಾಕಬಹುದಿತ್ತು. ಸಿಡಿಲು, ಕಾಡುಹಂದಿ. ನನ್ನ ಎದೆನೋವು, ಅದಂತೂ ಹತ್ತುವಾಗ ಬಂದೇ ಬರುತ್ತದೆಂದು ಹಿಂದಿನ ವಾರದಿಂದಲೇ ಕಾದು ಕೂತಿದ್ದೆ. ಇವೆಲ್ಲದರ ಅಡಿಯಲ್ಲಿ, ಯಾರ ಹತ್ತಿರವೂ ಬಾಯಿಬಿಡದೆ ಇಟ್ಟುಕೊಂಡದ್ದು ಇನ್ನೊಂದಿತ್ತು. ಗುಡ್ಡೆಯ ತಲೆ ದಾಟಿ ಆಚೆ ಬದಿಗೆ ಹೋದರೆ ಕೆಂಪುಕಲ್ಲು ಕಡಿದು ಬಿಟ್ಟುಹೋದ ಹಳೇ ಕೋರೆ ಉಂಟು. ಮಳೆಗಾಲ ಮುಗಿಯುವ ಹೊತ್ತಿಗೆ ಆ ಹೊಂಡದಲ್ಲಿ ನೀರು ತುಂಬಿರುತ್ತದೆ. ಬೇಲಿ ಇಲ್ಲ.

ಓಣಂ ರಜೆಯಲ್ಲಿ ಮಕ್ಕಳಿಗೆ ಗುಡ್ಡೆ ಹತ್ತಿಸಬೇಕು ಎಂದು ಹೊರಡಿಸಿದ್ದು ಹೆಂಡತಿ. ಮಗಳಿಗೆ ಎಂಟು, ಮಗನಿಗೆ ಐದು, ನನಗೆ ಐವತ್ತರ ಹತ್ತಿರ.

"ನೀವು ಬರುವುದು ಬೇಡ ಮಾರಾಯ್ರೆ, ಮನೆಯಲ್ಲೇ ಕೂತು ಹೆದರಿ," ಅಂದಳು.

ಮನೆಯಲ್ಲಿ ಕೂತು ಹೆದರುವುದು ಇನ್ನೂ ಕಷ್ಟ. ಎಲ್ಲರ ಕಾಲಿಗೂ ಹೊಸ ಶೂ ಹಾಕಿಸಿ, ಲೇಸು ಎರಡೆರಡು ಸಲ ಎಳೆದು ನೋಡಿ, ಹೊರಟೆ.

ಅಂಗಳ ಇಳಿಯುವಾಗ ನನ್ನ ಅಮ್ಮ ಮಕ್ಕಳನ್ನು ನಿಲ್ಲಿಸಿದರು. "ಗುಡ್ಡೆಯಲ್ಲಿ ಯಾರು ಕರೆದರೂ ಕೂಡಲೇ ಓ ಹೇಳಬಾರದು, ಗೊತ್ತಾಯ್ತಾ? ಕುಲೆ ಎರಡು ಸಲ ಮಾತ್ರ ಕರೆಯುವುದು. ಮೂರನೇ ಸಲ ಕರೆದರೆ ಮನುಷ್ಯರು."

ಸತ್ತವರ ಪ್ರೇತ ಇಷ್ಟು ಶಿಸ್ತಿನಲ್ಲಿ ಕರೆಯುತ್ತದೆಂದು ನಾನು ನಂಬುವುದಿಲ್ಲ. ಆದರೆ ಗುರುತಿಲ್ಲದವರು ಕರೆದರೂ ಓಡುವ ಮಕ್ಕಳಿಗೆ ಇದು ಒಳ್ಳೆಯದೇ ಎನಿಸಿತು. "ಅಜ್ಜಿ ಹೇಳಿದ ಹಾಗೆ ಕೇಳಬೇಕು," ಎಂದು ನಾನೂ ಒತ್ತಿ ಹೇಳಿದೆ.

ಹತ್ತುವಾಗ ಎಂತದೂ ಆಗಲಿಲ್ಲ. ಅದೇ ನನಗೆ ಸರಿ ಕಾಣಲಿಲ್ಲ. ಮೇಲೆ ಪಾರೆಕಲ್ಲಿನ ತುಂಬ ನೀಲಿ ಹೂ, ಮಂಜೇಶ್ವರದ ಕಡೆಗೆ ಗೆರೆ ಎಳೆದ ಹಾಗೆ ಸಮುದ್ರ. ಹೆಂಡತಿ ಫೋಟೊ ತೆಗೆಯುತ್ತಿದ್ದಳು. ಕೆಳಗಿನಿಂದ ಮಂಜು ಏಳುವುದನ್ನು ಕಂಡು, ಮಕ್ಕಳಿಗೆ ರೈನ್‌ಕೋಟು ಹಾಕಿಸೋಣವೆಂದು ನಾನು ಚೀಲಕ್ಕೆ ತಲೆ ಹಾಕಿದೆ.

ತಲೆ ಎತ್ತಿದರೆ ಸಮುದ್ರ ಇಲ್ಲ. ಹೂ ಇಲ್ಲ. ಮಕ್ಕಳಿಲ್ಲ.

"ಮಕ್ಕಳೆಲ್ಲಿ?"

"ನಿಮ್ಮ ಹಿಂದೆಯೇ ಇದ್ದರಲ್ಲ?"

ಹಿಂದೆ ಬರೀ ಬಿಳಿ. "ಮಗಾ!" ಎಂದು ಕರೆದೆ. ಗಾಳಿಯ ಸದ್ದು ಬಿಟ್ಟರೆ ಬೇರೆ ಇಲ್ಲ. ಇನ್ನೊಮ್ಮೆ ಕರೆದೆ. ಎರಡು ಮಕ್ಕಳಲ್ಲಿ ಒಂದಾದರೂ ಓ ಅನ್ನಬೇಡವೇ? ಮತ್ತೆ ಕರೆಯಲು ಬಾಯಿ ತೆರೆದರೆ ಸ್ವರವೇ ಹೊರಡಲಿಲ್ಲ. ಕೋರೆ ಯಾವ ಬದಿಗೆ ಎಂಬುದೂ ತಲೆಯಿಂದ ಹೋಗಿತ್ತು. ಎತ್ತ ಇಳಿಜಾರು ಕಂಡಿತೋ ಅತ್ತ ಓಡಿದೆ.

"ನಿಲ್ಲಿ! ಅಲ್ಲಿ ಕೋರೆ ಉಂಟು!" ಹೆಂಡತಿ ಹಿಂದಿನಿಂದ ಕಿರುಚಿದಳು.

ಅವಳಿಗೂ ಗೊತ್ತಿತ್ತು. ಅವಳೂ ಹೇಳಿರಲಿಲ್ಲ.

ನಿಂತೆ. ಕಾಲ ಕೆಳಗಿನ ಕಲ್ಲು ಚಕ್ಕನೆ ಮುಗಿದಿತ್ತು. ಎಡಗಾಲು ಅಂಚಿನಲ್ಲಿ ಜಾರಿತು. ಹಿಂದಕ್ಕೆ ಕುಕ್ಕರಿಸಿ ಕೂತೆ. ಎಂತದೋ ಕೆಳಗೆ ಹೋಯಿತು. ತುಸು ಹೊತ್ತಿನ ಮೇಲೆ ನೀರಿನಲ್ಲಿ ಪಚಕ್ ಎಂಬ ಸದ್ದು.

ಆ ಸದ್ದಿಗೆ ನನ್ನ ಸ್ವರ ಹೊರಟಿತು. "ಮಗಾ!"

"ಓ!"

ಎರಡು ಸ್ವರ, ಒಟ್ಟಿಗೆ, ನಾನು ಚೀಲ ಇಟ್ಟಿದ್ದ ಜಾಗದ ಕಡೆಯಿಂದ. ನಾಲ್ಕು ಕಾಲಿನಲ್ಲಿ ವಾಪಸ್ ಹತ್ತಿದೆ. ಚೀಲದ ಪಕ್ಕದ ಬಂಡೆಯ ಆಚೆ, ಮಡಿಲ ತುಂಬ ನೀಲಿ ಹೂ ಇಟ್ಟುಕೊಂಡು ಇಬ್ಬರೂ ಕೂತಿದ್ದರು. ಮಗಳ ಒಂದು ಕೈ ಇನ್ನೂ ತಮ್ಮನ ಬಾಯಿಯ ಹತ್ತಿರವೇ ಇತ್ತು.

"ಇವ ಮೊದಲ ಸಲವೇ ಓ ಹೇಳಲಿಕ್ಕೆ ಹೊರಟ ಅಪ್ಪ. ನಾನು ಬಾಯಿ ಮುಚ್ಚಿ ಹಿಡಿದೆ," ಅಂದಳು, ಹೊಗಳಿಕೆಗೆ ಕಾಯುತ್ತಾ. "ಮೂರನೇದು ಎಷ್ಟು ಲೇಟು ಮಾಡಿದಿರಿ!"

ಹೆಂಡತಿ ಇಬ್ಬರನ್ನೂ ಅಪ್ಪಿ ಹಿಡಿದಳು. ನನ್ನ ಕಡೆಗೆ ನೋಡಿದಾಗ ಬೈಯುತ್ತಾಳೆ ಎಂದುಕೊಂಡೆ. ಅವಳು ನನ್ನ ಕಾಲು ನೋಡುತ್ತಿದ್ದಳು. ಮನೆಮಂದಿಗೆಲ್ಲ ಶೂ ಹಾಕಿಸುವ ಗಡಿಬಿಡಿಯಲ್ಲಿ ನಾನು ಹೊರಟದ್ದು ಬಚ್ಚಲಿಗೆ ಹೋಗುವ ಹವಾಯಿ ಚಪ್ಪಲಿಯಲ್ಲಿ. ಈಗ ಬಲಗಾಲಿನದು ಮಾತ್ರ ಇತ್ತು.